ದರಕು ಸಾಗಿಸುವ ಗಾಡಿ: ಕೊಳ್ಳುವವರಿಗೊಂದು ಕೈಪಿಡಿ

ಈ ಕೈಪಿಡಿ ಶಿರಸಿ, ಸಿದ್ದಾಪುರ, ಸಾಗರದ ಕಡೆಯ ಅಡಿಕೆ ತೋಟಿಗರಿಗೆ. ಬಯಲುಸೀಮೆಯವರೂ ಓದಬಹುದು, ಸಮತಟ್ಟು ನೆಲದಲ್ಲಿ ಯಾವ ಗಾಡಿಯಾದರೂ ನಡೆದೀತು.

ಮೊದಲನೆಯ ಸೂಚನೆ: ಅಂಗಡಿಗೆ ಹೋಗಬೇಡಿ. ಟೇಪು ಹಿಡಿದು ಮೊದಲು ತೋಟದ ಬಾಗಿಲಿನ ಉಣುಗೋಲಿನ ಅಗಲ ಅಳೆಯಿರಿ, ಆಮೇಲೆ ನೀರು ಬಸಿಯುವ ಕಾದಿಗೆಯ ಮೇಲಿನ ಸಂಕದ್ದು. ಎರಡು ಅಡಿಕೆ ಮರ ಜೋಡಿಸಿದ ಸಂಕವಾದರೆ ಎರಡು ಗಾಲಿಯ ಗಾಡಿಯ ಆಸೆ ಅಲ್ಲಿಗೇ ಮುಗಿಯಿತು. ಒಂಟಿಗಾಲಿಯದು ದಾಟುತ್ತದೆ, ಆದರೆ ಎರಡು ಮರಗಳ ಸಂದಿಗೆ ಗಾಲಿ ಇಳಿದರೆ ಎತ್ತಲು ಇಬ್ಬರು ಬೇಕು. ಮೇಲೊಂದು ಹಲಗೆ ಹಾಕಿ. ಗಾಡಿಯ ಬೆಲೆಗೆ ಹಲಗೆಯ ಬೆಲೆಯನ್ನೂ ಸೇರಿಸಿಕೊಳ್ಳಿ.

ಇನ್ನು ಅಂಗಡಿ. ಅಲ್ಲಿರುವುದು ಗಾರೆ ಕೆಲಸದ ಗಾಡಿ. ಎಷ್ಟು ಕೆಜಿ ತಡೆಯುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ, ನೀವು ತಲೆಯಾಡಿಸುತ್ತೀರಿ. ದರಕು ಎಂದರೆ ಒಣ ಎಲೆ; ಅದರ ತೊಂದರೆ ತೂಕದ್ದಲ್ಲ, ಗಾತ್ರದ್ದು. ಗಾಡಿ ತುಂಬ ಒಟ್ಟಿದರೂ ಕೊಟ್ಟಿಗೆಯಲ್ಲಿ ಹಾಸಿದಾಗ ಒಂದು ದನ ಮಲಗುವಷ್ಟೂ ಆಗದು. ತಗಡಿನ ತೊಟ್ಟಿಯ ಸುತ್ತ ಬಿದಿರಿನ ತಟ್ಟಿ ಕಟ್ಟಿ ಎತ್ತರಿಸಿಕೊಳ್ಳಿ. ಎಕರೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನ ಬೆಟ್ಟ ಪಡೆದವರ ಮೊಮ್ಮಕ್ಕಳು ನೀವು. ಬೆಟ್ಟದ ದರಕನ್ನೆಲ್ಲ ತಗಡಿನ ಬೋಗುಣಿಯಲ್ಲಿ ತರುತ್ತೇವೆಂದರೆ ಅಜ್ಜ ನಕ್ಕಾರು.

ಹಸಿ ಅಡಿಕೆ ಹಾಳೆಯದು ಬೇರೆ ಲೆಕ್ಕ, ಅಲ್ಲಿ ತೊಂದರೆ ತೂಕದ್ದೇ. ಒಂಟಿಗಾಲಿ ಗಾಡಿಯಲ್ಲಿ ಹೊರೆ ಗಾಲಿಗೆ ಹತ್ತಿರವಾದಷ್ಟೂ ಕೈ ಹಗುರ. ಗಾಲಿಯಿಂದ ಹಿಡಿಕೆಯವರೆಗಿನ ದೂರದ ಮೂರನೇ ಒಂದರಲ್ಲಿ 60 ಕೆಜಿ ಇಟ್ಟರೆ ಕೈಗೆ ಬರುವುದು 20. ನಡುಮಧ್ಯ ಇಟ್ಟರೆ 30. ಹೇರುವವರು ಇದನ್ನು ಮರೆಯುತ್ತಾರೆ, ದೂಡುವವರು ಮರೆಯುವುದಿಲ್ಲ. ಗಾಡಿ ಆರಿಸುವ ಯಜಮಾನರಿಗೂ ಅದನ್ನು ದೂಡುವವರಿಗೂ ಈ ವಿಷಯದಲ್ಲಿ ಮಾತುಕತೆ ನಡೆದ ಮನೆ ಅಪರೂಪ. ಹಿಡಿಕೆಯ ಎತ್ತರವನ್ನು ದೂಡುವವರ ಕೈಗೆ ಹಿಡಿಸಿಯೇ ನೋಡಿ. ಅವರು “ಅಡ್ಡಿಲ್ಲ” ಎಂದರೆ ಇನ್ನೊಂದು ಗಾಡಿ ತೋರಿಸಲು ಹೇಳಿ.

ಸೋಗೆ ಹೇರುವ ವಿಧಾನ: ಅಡ್ಡ ಇಟ್ಟರೆ ಎರಡೂ ಬದಿಯ ಅಡಿಕೆ ಮರಕ್ಕೆ ತಾಗುತ್ತದೆ. ಉದ್ದಕ್ಕೆ ಇಟ್ಟರೆ ತುದಿ ದೂಡುವವರ ಮುಖಕ್ಕೆ. ಸೋಗೆಗೆ ಗಾಡಿಯೇ ಬೇಡ, ಹಾಳೆ ಕತ್ತರಿಸಿ ಬೇರೆ ಮಾಡಿ, ಉಳಿದದ್ದನ್ನು ಮರದ ಬುಡಕ್ಕೇ ಹೊದೆಸಿ. ತೋಟಕ್ಕೂ ಒಳ್ಳೆಯದು. ಇಷ್ಟು ಹೇಳಿದರೆ ಗಾಡಿ ವ್ಯಾಪಾರ ಕೆಡುತ್ತದೆಂದು ಅಂಗಡಿಯವರ ಕೈಪಿಡಿಯಲ್ಲಿ ಇದನ್ನು ಬರೆದಿರುವುದಿಲ್ಲ.

ಗಾಳಿ ತುಂಬುವ ಟೈರು ಕಲ್ಲುದಾರಿಯಲ್ಲಿ ಮೆತ್ತಗೆ ಓಡುತ್ತದೆ, ಬಿದಿರುಮುಳ್ಳು ಸಿಗುವವರೆಗೆ. ಗಟ್ಟಿ ರಬ್ಬರಿನದು ಪಂಕ್ಚರ್ ಆಗದು, ಆದರೆ ಪ್ರತಿ ಕಲ್ಲನ್ನೂ ಮೊಣಕೈಗೆ ವರದಿ ಮಾಡುತ್ತದೆ.

ಮಳೆಗಾಲದ ಎಚ್ಚರಿಕೆ: ಕೆಲಸ ಮುಗಿದ ಮೇಲೆ ಗಾಡಿಯನ್ನು ಕವುಚಿ ಹಾಕಿ. ಬಿದ್ದ ಹಾಳೆಯಲ್ಲಿ ನಿಂತ ನೀರಿಗೆ ಡೆಂಗಿ ಸೊಳ್ಳೆ ಮೊಟ್ಟೆಯಿಡುತ್ತದೆಂದೇ ನೀವು ಹಾಳೆ ಹೆಕ್ಕಿದ್ದು; ಅಂಗಾತ ಬಿಟ್ಟ ಗಾಡಿ ಅದಕ್ಕೆ ಇನ್ನೂ ವಿಶಾಲವಾದ ಮನೆ. ಪಕ್ಕದ ಮನೆಯವರು ಎರವಲು ಒಯ್ದಿದ್ದರೆ ಈ ಸೂಚನೆ ಅವರಿಗೆ ಅನ್ವಯ.