ಬಾಡಿಗೆಯ ಅಟ್ಟ

ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಅಟ್ಟವಿಲ್ಲ. ಅದಕ್ಕೇ ಈಗ ಅಟ್ಟವೂ ಬಾಡಿಗೆಗೆ ಸಿಗುತ್ತದೆ. ಹೆಸರು ಮಾತ್ರ ಸೆಲ್ಫ್ ಸ್ಟೋರೇಜ್. ಈ ಹರಟೆಯ ಲೇಖಕ ಮಹಾಶಯನೂ ಒಂದು ಕೋಣೆ ಹಿಡಿದ. 2022ರ ಸೆಪ್ಟೆಂಬರಿನಲ್ಲಿ ರಸ್ತೆಗೆ ಮಳೆನೀರು ನುಗ್ಗಿ ಸಾಫ್ಟ್‌ವೇರ್ ಮಂದಿ ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದದ್ದನ್ನು ಟೀವಿಯಲ್ಲಿ ಕಣ್ಣಾರೆ ಕಂಡಿದ್ದರೂ ನೆಲಮಹಡಿಯನ್ನೇ ಆರಿಸಿಕೊಂಡ. ಮೆಟ್ಟಿಲು ಹತ್ತುವವರು ಯಾರು?

ಸಾಮಾನನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ತುಂಬಿ ನೆಲಕ್ಕೇ ಇಟ್ಟ. ರಟ್ಟಿಗೂ ದೀಪದ ಬತ್ತಿಗೂ ಗುಣ ಒಂದೇ: ಬುಡಕ್ಕೆ ತೇವ ತಾಕಿದರೆ ಮೇಲಕ್ಕೆ ಹೀರುತ್ತದೆ. ಮಳೆಗಾಲ ಮುಗಿದು ಶಟರ್ ಎತ್ತಿದಾಗ ಮದುವೆ ಆಲ್ಬಮ್ಮಿನ ಹಾಳೆಗಳು ದಂಪತಿಗಿಂತ ಗಟ್ಟಿಯಾಗಿ ಅಂಟಿಕೊಂಡಿದ್ದವು. ಬಿಡಿಸಹೋದರೆ ಮಾವನವರ ಮೀಸೆ ವರನ ಮುಖಕ್ಕೆ ಬಂತು. ಹಾಸಿಗೆಗೆ ಮಾತ್ರ ಬುದ್ಧಿ ಓಡಿಸಿ, ಗಾಳಿಯಾಡದಂತೆ ಪ್ಲಾಸ್ಟಿಕ್ ಸುತ್ತಿದ್ದ. ಒಳಗಿನ ಪಸೆ ಹೊರಬರಲಾಗದೆ ಅಲ್ಲೇ ಬೂಷ್ಟು ಬೆಳೆಸಿತ್ತು.

“ಮಳೆಗಾಲದಲ್ಲಿ ಅಡಿಕೆ ಮೂಟೆನ ಯಾರಾದ್ರೂ ಬರಿ ನೆಲಕ್ಕೆ ಇಡ್ತಾರೇನೋ?” ಎಂದರು ತೀರ್ಥಹಳ್ಳಿಯ ಅಮ್ಮ.

ಈಗ ಮರದ ಪ್ಯಾಲೆಟ್ ಮೇಲೆ, ಗೋಡೆಯಿಂದ ಗೇಣು ದೂರದಲ್ಲಿ, ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆಗಳು ಕೂತಿವೆ. ಒಂದೊಂದರಲ್ಲೂ ಸಿಲಿಕಾ ಜೆಲ್ ಪೊಟ್ಟಣ. ಕೋಣೆ ಎರಡನೇ ಮಹಡಿಯಲ್ಲಿದೆ. ಲಿಫ್ಟ್ ಕೆಟ್ಟಿದೆ.