ನಟೀಮತಭೇದ ಮೀಮಾಂಸೆ: ಹುಮನಾಬಾದ, ಬಸವಕಲ್ಯಾಣ ಪ್ರಾಂತದ ಪ್ರೇಕ್ಷಕ ದರ್ಶನಗಳ ವಿಚಾರ

ಸಂಗೀತ ನಾಟಕವೊಂದರ ಕೊನೆಯ ಪರದೆ ಬಿದ್ದ ಗಳಿಗೆಯಿಂದ ಪ್ರೇಕ್ಷಕನು ತನ್ನ ಮನೆಯ ಕದ ತಟ್ಟುವ ಗಳಿಗೆಯವರೆಗೆ ನಾಯಕಿಯ ಪಾತ್ರಧಾರಿಣಿಯನ್ನು ಕುರಿತು ಅವನ ಬಾಯಿಂದ ಹೊರಡುವ, ಯಾರೂ ಕೇಳದಿದ್ದರೂ ಹೊರಡುವ, ಪಕ್ಕದವನು ಒಪ್ಪಿಕೊಂಡ ಕೂಡಲೇ ರುಚಿ ಕಳೆದುಕೊಳ್ಳುವ ನಿರ್ಣಯಕ್ಕೆ ಪ್ರಕೃತ ಪ್ರಬಂಧದಲ್ಲಿ ‘ನಟೀಮತ’ ಎಂಬ ಪಾರಿಭಾಷಿಕ ಸಂಜ್ಞೆಯನ್ನು ಕೊಡಲಾಗಿದೆ. ಇದನ್ನು ಅಭಿಪ್ರಾಯವೆಂದು ಕರೆಯದಿರಲು ಕಾರಣವುಂಟು. ಅಭಿಪ್ರಾಯಕ್ಕೆ ನಾಟಕವನ್ನು ನೋಡಿರಬೇಕಾಗುತ್ತದೆ, ಮತಕ್ಕೆ ಆ ನಿರ್ಬಂಧವಿಲ್ಲ. ವಿಚಾರದ ವ್ಯಾಪ್ತಿಯನ್ನು ಜನವರಿಯಲ್ಲಿ ನಡೆಯುವ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಮತ್ತು ಬಸವ ಜಯಂತಿಯ ಆಸುಪಾಸಿನ ಬಸವಕಲ್ಯಾಣದ ಜಾತ್ರೆ, ಇವೆರಡರಲ್ಲಿ ತಗಡಿನ ಥಿಯೇಟರ್ ಕಟ್ಟಿ ಕ್ಯಾಂಪು ಹೂಡುವ ಕಂಪನಿ ನಾಟಕಗಳಿಗೆ, ಅದರಲ್ಲೂ ‘ಹೇಮರೆಡ್ಡಿ ಮಲ್ಲಮ್ಮ’ದ ಒಂದು ಪ್ರಯೋಗಕ್ಕೆ ಸೀಮಿತಗೊಳಿಸಲಾಗಿದೆ. ನಟಿಯ ಹೆಸರನ್ನು ಶಾಸ್ತ್ರಗ್ರಂಥಗಳ ಮರ್ಯಾದೆಯಂತೆ ಕೈಬಿಟ್ಟು ‘ಪ್ರಕೃತ ನಟಿ’ ಎಂದಷ್ಟೇ ನಿರ್ದೇಶಿಸಲಾಗಿದೆ; ಕಂಪನಿಯ ಹೆಸರನ್ನು ಬಿಟ್ಟಿರುವುದಕ್ಕೆ ಮಾತ್ರ, ಅದರ ಮಾಲೀಕರು ಈ ಪ್ರಬಂಧದ ಒಳ್ಳೆಯ ಸಾಲುಗಳನ್ನಷ್ಟೇ ಆರಿಸಿ ಹ್ಯಾಂಡ್‌ಬಿಲ್ಲಿನಲ್ಲಿ ಹಾಕಿಸಬಹುದೆಂಬ ಭಯವೇ ಕಾರಣ.

ಪೂರ್ವಾಚಾರ್ಯರಲ್ಲಿ ಭರತಮುನಿಯದೇ ಮೊದಲ ಸ್ಥಾನ. ನಾಟ್ಯಶಾಸ್ತ್ರದ 27ನೇ ಅಧ್ಯಾಯವು ‘ಸಿದ್ಧಿ’ಯನ್ನು, ಅಂದರೆ ಪ್ರಯೋಗವು ಗೆದ್ದಿತೆಂದು ತಿಳಿಯುವ ಬಗೆಯನ್ನು, ವಿವರಿಸುತ್ತದೆ. ಮಾನುಷೀ ಸಿದ್ಧಿಯು ಮುಗುಳ್ನಗೆ, ಅಟ್ಟಹಾಸ, ‘ಸಾಧು’, ‘ಅಹೋ’, ‘ಕಷ್ಟ’ ಎಂಬ ಉದ್ಗಾರ, ರೋಮಾಂಚ, ಕೂತಲ್ಲಿಂದ ಎದ್ದು ನಿಲ್ಲುವುದು, ಮೈಮೇಲಿನ ವಸ್ತ್ರವನ್ನೋ ಉಂಗುರವನ್ನೋ ಕೊಡುವುದು ಮುಂತಾದ ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ. ಇವುಗಳಲ್ಲಿ ‘ಅಹೋ’ ಎಂಬುದು ಕಾಲಕ್ರಮದಲ್ಲಿ ‘ವನ್ಸ್ ಮೋರ್’ ಆಗಿಯೂ, ‘ಕಷ್ಟ’ವೆಂಬುದು ‘ಅಯ್ಯ ಪಾಪ’ ಆಗಿಯೂ, ವಸ್ತ್ರದಾನವು ಹಾಡಿನ ನಡುವೆಯೇ ರಂಗದ ಮೇಲೆ ಹತ್ತಿ ದಾನಿಯ ಹೆಸರು, ಊರು, ಹುದ್ದೆಗಳ ಸಮೇತ ಮೈಕಿನಲ್ಲಿ ಕೂಗಿಸಿಕೊಳ್ಳುವ ‘ಆಯೇರಿ’ಯಾಗಿಯೂ ಪರಿಣಮಿಸಿದವೆಂದು ಊಹಿಸಬಹುದು. ದೈವೀ ಸಿದ್ಧಿಯ ಲಕ್ಷಣ ಬೇರೆ: ರಂಗಮಂದಿರ ತುಂಬಿರುತ್ತದೆ, ಆದರೆ ಸದ್ದಿರುವುದಿಲ್ಲ. ಹುಮನಾಬಾದಿನಲ್ಲಿ ಇದು ಕರೆಂಟು ಹೋದಾಗ ಮೊದಲ ಒಂದೆರಡು ಕ್ಷಣ ಸಿದ್ಧಿಸುವುದುಂಟು. ಪ್ರಯೋಗಕ್ಕೆ ಒದಗುವ ವಿಘ್ನಗಳ ಪಟ್ಟಿಯಲ್ಲಿ ಗಾಳಿ, ಬೆಂಕಿ, ಮಳೆ, ಆನೆ, ಹಾವುಗಳ ಜೊತೆಗೆ ಹಗೆಯವರು ಎಸೆಯುವ ಸೆಗಣಿ, ಹೆಂಟೆ, ಇರುವೆಗಳನ್ನೂ ಸೇರಿಸಿರುವ ಮುನಿಯು ಜಾತ್ರೆಯ ಕ್ಯಾಂಪುಗಳನ್ನು ಬಲ್ಲವನಾಗಿದ್ದನೆಂಬುದರಲ್ಲಿ ಸಂಶಯವಿಲ್ಲ. ಕೈಚೀಲದಲ್ಲಿ ಇರುವೆ ತುಂಬಿಕೊಂಡು ನಾಟಕಕ್ಕೆ ಬರುವಷ್ಟು ಶ್ರದ್ಧೆ ಮಾತ್ರ ಈಗಿನ ವಿಮರ್ಶಕರಲ್ಲಿ ಉಳಿದಿಲ್ಲ.

ಸ್ಥಳೀಯ ಆಕರಗಳತ್ತ ತಿರುಗಿದರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ವು ನೂರು ಅಧ್ಯಾಯಗಳಲ್ಲಿ ಗೀತ, ವಾದ್ಯ, ನೃತ್ಯ ವಿನೋದಗಳಿಂದ ಹಿಡಿದು ಕಪ್ಪು ಇಲಿಯನ್ನು ಸುಟ್ಟು ಅಡುಗೆ ಮಾಡುವ ಕ್ರಮದವರೆಗೆ ಸಕಲವನ್ನೂ ಹೇಳಿದ್ದರೂ, ನಾಟಕ ಮುಗಿದ ಮೇಲೆ ಒಂದೇ ಟಂಟಂನಲ್ಲಿ ಊರಿಗೆ ಮರಳಬೇಕಾದ ಇಬ್ಬರು ಭಿನ್ನಮತೀಯರು ಹೇಗೆ ವರ್ತಿಸಬೇಕೆಂಬುದನ್ನು ಹೇಳಿಲ್ಲ. ಈ ಕೊರತೆಯನ್ನು ತುಂಬಿಕೊಡುವುದು, ಆತನ ತಂದೆ ಆರನೇ ವಿಕ್ರಮಾದಿತ್ಯನ ಆಶ್ರಯದಲ್ಲಿ ಇದೇ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಬರೆದ ‘ಮಿತಾಕ್ಷರ’. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆಂಬುದು ಆ ಗ್ರಂಥದ ಪ್ರಸಿದ್ಧ ಸಿದ್ಧಾಂತ. ಬಂಗಾಳದ ಜೀಮೂತವಾಹನನ ‘ದಾಯಭಾಗ’ದ ಪ್ರಕಾರ ತಂದೆ ತೀರಿಕೊಂಡ ಮೇಲಷ್ಟೇ ಆ ಹಕ್ಕು ಹುಟ್ಟುತ್ತದೆ. ನಟೀಮತವೂ ಈ ಎರಡೇ ದಾರಿಗಳಲ್ಲಿ ಪ್ರಾಪ್ತವಾಗುತ್ತದೆ. ನಟಿಯು ಬಾಯಿ ತೆರೆಯುವ ಮೊದಲೇ ‘ಇಕಿಗಿ ಸ್ವರ ಇಲ್ಲ’ ಎನ್ನುವವನು ಮಿತಾಕ್ಷರದ ಅನುಯಾಯಿ, ಅವನದು ಜನ್ಮಸಿದ್ಧ ಹಕ್ಕು. ಸುಭದ್ರಮ್ಮ ಮನ್ಸೂರರಂಥ ಗಾಯಕ ನಟಿಯರ ಹೆಸರನ್ನು ತಂದೆಯ ಬಾಯಲ್ಲಿ ಕೇಳಿದ್ದು, 2020ರಲ್ಲಿ ಸುಭದ್ರಮ್ಮನವರು ತೀರಿಕೊಂಡ ಸುದ್ದಿ ಓದಿದಂದಿನಿಂದ ‘ಆ ಕಾಲ ಹೋಯ್ತು ಬಿಡ್ರಿ’ ಎಂದು ನಿಟ್ಟುಸಿರಿಡುವವನು ದಾಯಭಾಗದವನು.

ಇನ್ನು ಮುಖ್ಯ ಪಂಥಗಳ ನಿರೂಪಣೆ. ಹುಮನಾಬಾದಿಗೆ ಹೊಂದಿಕೊಂಡಿರುವ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಸಂಸ್ಥಾನವಿದ್ದು, ದತ್ತ ಜಯಂತಿಯ ದರ್ಬಾರಿನಲ್ಲಿ ಹಿಂದುಸ್ತಾನಿ ಗಾಯಕರು ಸೇವೆ ಸಲ್ಲಿಸುವ ಪರಂಪರೆ ಬೆಳೆದುಬಂದಿರುವ ಕಾರಣ, ಆ ಊರಿನ ಪ್ರೇಕ್ಷಕನು ಸ್ವರಪಕ್ಷಪಾತಿಯಾಗಿದ್ದಾನೆ. ಪದ ಆರಂಭವಾದ ಕೂಡಲೇ ಅವನು ಕಣ್ಣು ಮುಚ್ಚುತ್ತಾನೆ, ಪದ ಮುಗಿದ ಮೇಲೆ ತೆರೆದು ಅಭಿನಯದ ಬಗ್ಗೆ ತೀರ್ಪು ಕೊಡುತ್ತಾನೆ. ಅನುಭವ ಮಂಟಪದ ನೆನಪನ್ನು ಹೊತ್ತ ಬಸವಕಲ್ಯಾಣದವನಾದರೋ ಮಾತುಪಕ್ಷಪಾತಿ. ಅವನಿಗೆ ಆಲಾಪವೆಂದರೆ ಪ್ರಶ್ನೆಗೆ ಉತ್ತರ ತಿಳಿಯದ ಪಾತ್ರವು ಹೊತ್ತು ಕಳೆಯುವ ಉಪಾಯ. ಎರಡು ಪಂಥಗಳ ನಡುವೆ ಜ್ಯೇಷ್ಠತೆಯ ತಕರಾರೂ ಇದೆ. 1817ರಲ್ಲಿ ಮಾಣಿಕಪ್ರಭುಗಳು ಹುಟ್ಟಿದ್ದು ಬಸವಕಲ್ಯಾಣ ತಾಲೂಕಿನ ಲಾಡವಂತಿಯಲ್ಲಿ. ಆದುದರಿಂದ ಎದುರುಪಕ್ಷದ ಕಿವಿಯೂ ಮೂಲತಃ ತಮ್ಮ ತಾಲೂಕಿನದೇ ಎಂಬುದು ಬಸವಕಲ್ಯಾಣದವರ ವಾದ. ಕಿವಿ ಎಲ್ಲಿಯದಾದರೂ ಇರಲಿ, ಕೇಳಿಸಿಕೊಳ್ಳಲು ಕಲಿತದ್ದು ಎಲ್ಲಿ ಎಂದು ಹುಮನಾಬಾದಿನವರು ಮರುಪ್ರಶ್ನೆ ಹಾಕುತ್ತಾರೆ.

ಈ ವಾದವು ಇನ್ನೂ ಜಟಿಲವಾಗುವುದು ಪುನರಾವರ್ತನೆಯ ಬೇಡಿಕೆಯಲ್ಲಿ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಈ ಸೀಮೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಬೆಂಚಿನ ಮೇಲೆ ಕೂರುತ್ತವೆ. ಮುಶಾಯಿರಾ ಕೇಳಿ ಬೆಳೆದವನು ‘ಮುಕರ್ರರ್’ ಎನ್ನುತ್ತಾನೆ, ಮಿಕ್ಕವರು ‘ವನ್ಸ್ ಮೋರ್’ ಎನ್ನುತ್ತಾರೆ. ಮರಾಠಿ ನಾಟ್ಯಸಂಗೀತದ ಅಭಿಮಾನಿ ಮಾತ್ರ ಸುಮ್ಮನಿರುತ್ತಾನೆ, ಯಾಕೆಂದರೆ ಅವನ ದೃಷ್ಟಿಯಲ್ಲಿ ಆ ಮಟ್ಟು 1880ರ ‘ಸಂಗೀತ ಶಾಕುಂತಲ’ದ ಕಾಲದಿಂದಲೂ ತಮ್ಮದು. ಅದನ್ನು ಬರೆದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಸೀಮೆಯ ಗುರ್ಲಹೊಸೂರಿನವರೆಂಬುದನ್ನು ಅವನಿಗೆ ನೆನಪಿಸಲು ಮಧ್ಯಂತರದ ಚಹಾ ಸಾಲದು.

ಹೆಂಗಸರ ವಿಭಾಗದ ಮೀಮಾಂಸೆ ಪ್ರತ್ಯೇಕವಾದದ್ದು. ಹೆಂಗಸರಿಗೂ ಮಕ್ಕಳಿಗೂ ಹಾಸ್ಯ, ವೇಷಭೂಷಣ ಸಾಕೆಂದು ಭರತನು ಹೇಳಿದ್ದು ಅವನ ಗ್ರಂಥದ ಅತ್ಯಂತ ದುರ್ಬಲ ಭಾಗ. ಅವನು ಆ ಕಡೆ ಹೋಗಿ ಕೂತಿರಲಾರ. ಅತ್ತೆಯ ಕಾಟವನ್ನು ಸಹಿಸಿ ಶ್ರೀಶೈಲದ ಮಲ್ಲಿಕಾರ್ಜುನನನ್ನು ಒಲಿಸಿಕೊಳ್ಳುವ ಸೊಸೆಯ ಕಥೆಯಲ್ಲಿ ಪ್ರಕೃತ ನಟಿಯು ಅತ್ತ ಪ್ರಮಾಣವೇ ಇಲ್ಲಿನ ವಿವಾದದ ವಿಷಯ. ಅತ್ತೆ ಸಂಪ್ರದಾಯದ ವ್ಯಾಖ್ಯಾನಕಾರ್ತಿಯರು ‘ಇಷ್ಟಕ್ಕ ಯಾರರೇ ಇಷ್ಟ್ ಅಳ್ತಾರೇನು’ ಎಂದು ಅತಿವ್ಯಾಪ್ತಿ ದೋಷವನ್ನು ಹೇಳಿದರೆ, ಸೊಸೆ ಸಂಪ್ರದಾಯದವರು ಅತ್ತೆಯು ಶೇಂಗಾ ಬಿಡಿಸುವುದರಲ್ಲಿ ಮಗ್ನಳಾದ ಹೊತ್ತು ನೋಡಿ, ಅತ್ತದ್ದು ಸಾಲದೆಂದು ಮೆಲ್ಲಗೆ ಅವ್ಯಾಪ್ತಿ ದೋಷವನ್ನು ಹೇಳುತ್ತಾರೆ. ಇಬ್ಬರೂ ಅಳುತ್ತಿದ್ದರೆಂಬುದನ್ನು ಎರಡೂ ಸಂಪ್ರದಾಯಗಳು ದಾಖಲಿಸಿಲ್ಲ.

ಈ ಎಲ್ಲ ಮತಗಳೂ ಒಂದೇ ಬಿಂದುವಿನಲ್ಲಿ ಢಿಕ್ಕಿ ಹೊಡೆದದ್ದು ‘ನತ್ತಿನ ವಿವಾದ’ದಲ್ಲಿ. ಸೂಳೆಯ ಮೋಹಕ್ಕೆ ಬಿದ್ದ ಮೈದುನ ವೇಮನನು ಅವಳಿಗಾಗಿ ಅತ್ತಿಗೆಯ ನತ್ತನ್ನು ಕೇಳುವ, ಅತ್ತಿಗೆಯು ಅದನ್ನು ಬಿಚ್ಚಿ ಕೊಡುವ ಸನ್ನಿವೇಶವದು. ರಂಗದ ನತ್ತು ಮೂಗು ಚುಚ್ಚದೆಯೇ ಒತ್ತಿ ಸಿಕ್ಕಿಸುವಂಥದ್ದಾದ್ದರಿಂದ ಎಳೆದ ಕೂಡಲೇ ಕೈಗೆ ಬರಬೇಕು. ಹುಮನಾಬಾದಿನ ಪ್ರಯೋಗದಲ್ಲಿ ಅದು ಬರಲಿಲ್ಲ. ಪ್ರಕೃತ ನಟಿಯು ಬಲಗೈಯ ಎರಡು ಬೆರಳನ್ನು ಮೂಗಿಗೆ ಒಯ್ದಳು, ತಡೆದಳು, ಸೆರಗನ್ನು ತುಸು ಮುಂದೆಳೆದುಕೊಂಡಳು, ಮತ್ತೆ ಒಯ್ದಳು. ಕಣ್ಣಲ್ಲಿ ನೀರು ಬಂತು. ಕಾಲ್ಪೆಟ್ಟಿಗೆಯ ಮಾಸ್ತರರು ಪರಿಸ್ಥಿತಿಯನ್ನು ಗ್ರಹಿಸಿ ಕರಿ ನಾಲ್ಕರ ಶ್ರುತಿಯನ್ನು ಹಿಡಿದು ನಿಂತರು. ಆಕೆ ಪುಸ್ತಕದಲ್ಲಿಲ್ಲದ ಒಂದು ಆಲಾಪವನ್ನು ತೆಗೆದಳು. ಅದರ ಕೊನೆಯ ಷಡ್ಜಕ್ಕೆ ನತ್ತು ಕೈಗೆ ಬಂತು. ಕುರ್ಚಿಯಿಂದ ನೆಲದವರೆಗೆ ಚಪ್ಪಾಳೆ ಬಿತ್ತು, ಮೂರು ಆಯೇರಿಗಳಾದವು.

ಈ ಘಟನೆಗೆ ಹೊರಟ ವ್ಯಾಖ್ಯಾನಗಳಲ್ಲಿ ಮೂರು ಉಲ್ಲೇಖಾರ್ಹ. ಮುತ್ತೈದೆತನದ ಚಿಹ್ನೆಯನ್ನು ಕಳಚುವ ಹೆಣ್ಣಿನ ಒಳತೋಟಿಯನ್ನು ಇಷ್ಟು ಸೂಕ್ಷ್ಮವಾಗಿ ತೋರಿಸಿದವರಿಲ್ಲವೆಂಬುದು ಭಾವವಾದಿಗಳ ಮತ. ಆಲಾಪಕ್ಕೆ ಎಡೆ ಮಾಡಿಕೊಳ್ಳಲೆಂದೇ ತಡೆದಳೆಂಬುದು ಸ್ವರವಾದಿಗಳ ಮತ. ನತ್ತು ಸಿಕ್ಕಿಬಿದ್ದಿತ್ತೆಂಬುದು ಮುಂದಿನ ಸಾಲಿನಲ್ಲಿ ಕೂತಿದ್ದ ಅಕ್ಕಸಾಲಿಗನೊಬ್ಬನ ಮತ. ಅವನಿಗೆ ಕಲೆಯ ಗಂಧವಿಲ್ಲವೆಂಬ ಒಂದೇ ವಿಷಯದಲ್ಲಿ ಉಳಿದಿಬ್ಬರಿಗೂ ಒಮ್ಮತವಿತ್ತು. ನಟಿಯ ಮೂಗು ಮರುದಿನ ಕೆಂಪಗೆ ಊದಿಕೊಂಡಿದ್ದುದನ್ನು ಭಾವವಾದಿಗಳು ತಮ್ಮ ಪಕ್ಷಕ್ಕೇ ಪ್ರಮಾಣವಾಗಿ ಬಳಸಿಕೊಂಡರು.

ಕಂಪನಿಯು ಬಸವಕಲ್ಯಾಣದಲ್ಲಿ ಕ್ಯಾಂಪು ಹಾಕುವಷ್ಟರಲ್ಲಿ ಹೊಸ ನತ್ತೊಂದನ್ನು ಜಾತ್ರೆಯ ಬಳೆಯಂಗಡಿಯಿಂದ ತರಿಸಲಾಗಿತ್ತು, ಅದು ಮುಟ್ಟಿದರೆ ಬರುವಂಥದ್ದು. ಹುಮನಾಬಾದಿನಿಂದ ಬಸ್ಸು ಹಿಡಿದು ಬಂದಿದ್ದ ಭಾವವಾದಿಗಳು ‘ಆ ಜೀವ ಇಲ್ಲ’ವೆಂದು ಕೈಚೆಲ್ಲಿದರು, ಸ್ವರವಾದಿಗಳು ಆಲಾಪವನ್ನು ಕತ್ತರಿಸಿದ ಮಾಲೀಕನ ಜಿಪುಣತನವನ್ನು ಖಂಡಿಸಿದರು, ಬಸವಕಲ್ಯಾಣದ ಮಾತುಪಕ್ಷದವರು ‘ಕೊಡೂದಂದ್ರ ಹಿಂಗ ಕೊಡಬೇಕು, ಹಿಂದಮುಂದ ನೋಡಬಾರದು’ ಎಂದು ದಾಸೋಹ ತತ್ವವನ್ನೇ ಅದರಲ್ಲಿ ಕಂಡರು. ಅಕ್ಕಸಾಲಿಗನು ಈ ಸಲ ಬಂದಿರಲಿಲ್ಲ. ನತ್ತು ಬಂದ ವೇಗಕ್ಕೆ ಪ್ರಕೃತ ನಟಿಗೂ ತಬ್ಬಿಬ್ಬಾಗಿ ಮುಂದಿನ ಮಾತು ಮರೆತುಹೋಗಿದ್ದು, ಸೈಡ್‌ವಿಂಗಿನಿಂದ ಪ್ರಾಂಪ್ಟರ್ ಹೇಳಿಕೊಟ್ಟ ಸಾಲಿಗೇ ಆ ರಾತ್ರಿಯ ಮೊದಲ ಚಪ್ಪಾಳೆ ಬಿತ್ತೆಂಬ ಸಂಗತಿಯು ಯಾವ ಪಂಥದ ಗಮನಕ್ಕೂ ಬರಲಿಲ್ಲ.

ಅತ್ತೆಯ ಪಾತ್ರಧಾರಿಣಿಯ ಕುರಿತು ಮಾತ್ರ ಎರಡೂ ಊರುಗಳಲ್ಲಿ ಮತಭೇದವೇ ಕಂಡುಬಂದಿಲ್ಲ. ಬೆಳಿಗ್ಗೆ ಬಸ್ ನಿಲ್ದಾಣದ ಹೋಟೆಲಿನಲ್ಲಿ ಆಕೆ ಚಹಾ ಕುಡಿಯಲು ಕೂತಾಗ ಬೆಂಚಿನ ಇನ್ನೊಂದು ತುದಿಯಲ್ಲಿದ್ದ ಇಬ್ಬರು ಹೆಂಗಸರು ಎದ್ದು ಬೇರೆ ಕಡೆ ಹೋಗಿ ಕೂತರು.