ಬಾಡಿಗೆ ಮೀಮಾಂಸೆ ಅಥವಾ ಪ್ರಶ್ನಾವಿಲೋಮ ಸಿದ್ಧಾಂತ

ಬೆಂಗಳೂರಿನಲ್ಲಿ ಕೈಗೆಟುಕುವ ಬಾಡಿಗೆಯ, ರಾತ್ರಿ ನಿರ್ಭಯವಾಗಿ ನಡೆದು ಮನೆ ಸೇರಬಹುದಾದ ಬಡಾವಣೆ ಇದೆಯೇ ಎಂಬ ವಿಷಯದಲ್ಲಿ ಎರಡು ಪಕ್ಷಗಳಿವೆ. ಇದೆ ಎನ್ನುವವರು ಬ್ರೋಕರುಗಳು, ಇಲ್ಲ ಎನ್ನುವವರು ಬಾಡಿಗೆದಾರರು. ಈ ಪ್ರಬಂಧವು ಎರಡನ್ನೂ ಖಂಡಿಸಿ, ಅಂಥ ಬಡಾವಣೆ ಇದೆ, ಆದರೆ ಅಲ್ಲಿರಲು ಯಾರಿಗೂ ಮನಸ್ಸಿಲ್ಲ ಎಂಬ ಮೂರನೆಯ ಪಕ್ಷವನ್ನು ಸ್ಥಾಪಿಸುತ್ತದೆ.

ವಾದದ ಅನುಕೂಲಕ್ಕೆ ಮೂವರು ಗೆಳತಿಯರನ್ನು ಕಲ್ಪಿಸಿಕೊಳ್ಳೋಣ. ಒಬ್ಬಳಿಗೆ ವೈಟ್‌ಫೀಲ್ಡಿನಲ್ಲಿ ಕೆಲಸ, ಇನ್ನೊಬ್ಬಳಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಮತ್ತೊಬ್ಬಳಿಗೆ ಪೀಣ್ಯದಲ್ಲಿ. ಒಂದೇ ಹಾಸ್ಟೆಲಿನಲ್ಲಿ ಓದಿದವರಾದ್ದರಿಂದ ಒಂದೇ ಮನೆಯಲ್ಲಿರುವುದು ಸುಲಭವೆಂಬ ಭ್ರಮೆ ಮೂವರಿಗೂ ಸಮಾನ.

ಮೊದಲು ಮಂಡನೆಯಾದದ್ದು ರೇಖಾಗಣಿತದ ಪೂರ್ವಪಕ್ಷ. ಮೂರು ಆಫೀಸುಗಳನ್ನು ತ್ರಿಭುಜವಾಗಿ ಎಳೆದು, ಅದರ ಗುರುತ್ವಕೇಂದ್ರದಲ್ಲಿ ಮನೆ ಮಾಡಿದರೆ ಯಾರಿಗೂ ಅನ್ಯಾಯವಿಲ್ಲ ಎಂದು ಇದರ ವಾದ. ಲೆಕ್ಕ ಹಾಕಿದರೆ ಆ ಬಿಂದು ದೊಮ್ಮಲೂರಿನ ಗಾಲ್ಫ್ ಮೈದಾನದ ಆಸುಪಾಸಿಗೆ ಬಂದು ಬೀಳುತ್ತದೆ. ಅಲ್ಲಿ ಮೊದಲು ಚಲ್ಲಘಟ್ಟ ಕೆರೆಯಿತ್ತು. ಆಗ ಮೀನಾಗಿದ್ದರೆ, ಈಗ ಚೆಂಡಾಗಿದ್ದರೆ ಅಲ್ಲಿ ವಾಸ ಸಾಧ್ಯ. ನಡುವಿನ ಯೋನಿಯಲ್ಲಿ ಹುಟ್ಟಿದವರಿಗೆ ಅವಕಾಶವಿಲ್ಲ. ಆದ್ದರಿಂದ ಈ ಪಕ್ಷ ತ್ಯಾಜ್ಯ.

ನಮ್ಮ ಮತದಲ್ಲಿ ಸರಿಯಾದ ಗಣಿತ ಹಳಿಯದು. 2025ರ ಆಗಸ್ಟಿನಲ್ಲಿ ಮೆಟ್ರೋದ ಹಳದಿ ಮಾರ್ಗ ಓಡತೊಡಗಿದ ಮೇಲೆ ಮೂವರಿಗೂ ಒಂದೊಂದು ಬಣ್ಣ ಸಿಕ್ಕಿದೆ: ವೈಟ್‌ಫೀಲ್ಡಿಗೆ ನೇರಳೆ, ಪೀಣ್ಯಕ್ಕೆ ಹಸಿರು, ಎಲೆಕ್ಟ್ರಾನಿಕ್ ಸಿಟಿಗೆ ಹಳದಿ. ನೇರಳೆಯೂ ಹಸಿರೂ ಮೆಜೆಸ್ಟಿಕ್ಕಿನಲ್ಲಿ ಕೂಡುತ್ತವೆ, ಹಸಿರೂ ಹಳದಿಯೂ ಆರ್.ವಿ. ರೋಡಿನಲ್ಲಿ. ಈ ಎರಡರ ನಡುವೆ, ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಸೌತ್ ಎಂಡ್ ಸರ್ಕಲ್ ನಿಲ್ದಾಣಗಳ ಸುತ್ತ ಮನೆ ಹಿಡಿದರೆ ಯಾರೂ ಒಂದಕ್ಕಿಂತ ಹೆಚ್ಚು ಸಲ ರೈಲು ಬದಲಿಸಬೇಕಿಲ್ಲ. ಅಂದರೆ ಬಸವನಗುಡಿ, ಮಾವಳ್ಳಿ, ಗವಿಪುರದ ಗಲ್ಲಿಗಳು. ಈ ನಿರ್ಣಯ ಕೇಳಿ ಮೂವರ ಮುಖವೂ ಬಾಡಿತು. ಅವರಿಗೆ ಬೇಕಾಗಿದ್ದದ್ದು ಕೋರಮಂಗಲ.

ಇನ್ನು ಪ್ರಮಾಣ ವಿಚಾರ. ಬ್ರೋಕರು ಹೇಳುವುದು ಶಬ್ದಪ್ರಮಾಣ. 'ಮೆಟ್ರೋ ಐದೇ ನಿಮಿಷ ಮೇಡಂ' ಎಂಬ ವಾಕ್ಯಕ್ಕೆ ಸಂಪ್ರದಾಯದಲ್ಲಿ ಭಾಷ್ಯವಿದೆ: ಬೈಕಿನಲ್ಲಿ, ಬೆಳಗಿನ ಜಾವ, ಒನ್‌ವೇಯಲ್ಲಿ ಎದುರಾಗಿ. ಪ್ರತ್ಯಕ್ಷವೂ ನಂಬತಕ್ಕದ್ದಲ್ಲ, ಭಾನುವಾರ ಹನ್ನೊಂದು ಗಂಟೆಗೆ ನೋಡಿದರೆ ಎಲ್ಲ ಬೀದಿಯೂ ಸಾಧುವೇ. ಉಳಿದದ್ದು ಅನುಮಾನ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯಿದೆ ಎಂದು ನೈಯಾಯಿಕರು ಊಹಿಸಿದಂತೆ, ಸಾಲುಮನೆಗಳ ವರಾಂಡದಲ್ಲಿ ನೀಲಿ ಡ್ರಮ್ಮು ಕಂಡರೆ ನಲ್ಲಿಯಲ್ಲಿ ನೀರಿಲ್ಲವೆಂದು ತಿಳಿಯತಕ್ಕದ್ದು. 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ ಟ್ಯಾಂಕರಿಗೆ ಕಾದವರು ಈ ವ್ಯಾಪ್ತಿಯನ್ನು ಒಪ್ಪುತ್ತಾರೆ. ನೀರು ಇರಲೇಬೇಕೆಂದು ತಗ್ಗಿನಲ್ಲಿ ಮನೆ ಹಿಡಿಯುವುದು ಅತಿವ್ಯಾಪ್ತಿ ದೋಷ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಕಡೆ ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದವರಿಗೆ ನೀರಿನ ಕೊರತೆಯೇನೂ ಇರಲಿಲ್ಲ.

ಕಾಲಗಣನೆಯಲ್ಲಿ ಬಾಡಿಗೆ ಪಂಚಾಂಗ ಬೇರೆಯೇ. ವರ್ಷವನ್ನು ಮೀರಿದ ಕರಾರನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ವಿಧಿಸಿದ್ದರಿಂದ ಇಲ್ಲಿ ವರ್ಷಕ್ಕೆ ಹನ್ನೊಂದೇ ತಿಂಗಳು. ಅದರ ಮೇಲೆ ಬ್ರೋಕರಿಗೊಂದು ತಿಂಗಳ ಬಾಡಿಗೆ, ಬಿಡುವಾಗ ಪೇಂಟಿಂಗಿಗೊಂದು. ಹನ್ನೊಂದು ತಿಂಗಳು ವಾಸ, ಹದಿಮೂರು ತಿಂಗಳ ಹಣ. ಜ್ಯೋತಿಷಿಗಳ ಅಧಿಕ ಮಾಸ ಸುಮಾರು ಮೂವತ್ತೆರಡು ತಿಂಗಳಿಗೊಮ್ಮೆ ಬಂದರೆ, ಮಾಲೀಕರದು ಹನ್ನೊಂದರಲ್ಲೇ ಎರಡು ಸಲ ಬರುತ್ತದೆ. ಅಡ್ವಾನ್ಸಂತೂ ಹತ್ತು ತಿಂಗಳದು ಎಂಬುದು ಊರಿನ ಹಳೆಯ ಆಚಾರ. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಬೇಡವೆಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ಸ್ಮೃತಿಗಿಂತ ಆಚಾರ ಬಲವತ್ತರವೆಂಬ ಪಕ್ಷದವರು ನಮ್ಮ ಮಾಲೀಕರು. ಬಾಡಿಗೆ 30,000 ಆದರೆ ಮೂವರು ತಲಾ ಲಕ್ಷ ಹೊಂದಿಸಬೇಕು, ಸ್ನೇಹದ ಮೊದಲ ಪರೀಕ್ಷೆ ಅಲ್ಲೇ. 'ನಂದು ಮುಂದಿನ ತಿಂಗಳು ಕೊಡ್ತೀನಿ ಕಣೇ' ಎನ್ನುವವಳು ಪ್ರತಿ ಗುಂಪಿನಲ್ಲೂ ಒಬ್ಬಳಿರುತ್ತಾಳೆಂಬುದು ಸ್ವತಃಸಿದ್ಧ.

ಈಗ ಮುಖ್ಯ ವಿಷಯಕ್ಕೆ ಬರೋಣ. ಬೀದಿಯನ್ನು ಕಾಯುವುದು ಪೊಲೀಸರಿಗಿಂತ ಹೆಚ್ಚಾಗಿ ಅಲ್ಲಿನ ಜನರ ಕಣ್ಣುಗಳು ಎಂದು ಅಮೆರಿಕದ ಜೇನ್ ಜೇಕಬ್ಸ್ 1961ರಲ್ಲಿ ಒಂದು ದಪ್ಪ ಪುಸ್ತಕದಲ್ಲಿ ವಾದಿಸಿದರು. ಬಸವನಗುಡಿಯ ಜಗಲಿ ಅಜ್ಜಿಯರಿಗೆ ಇದರಲ್ಲಿ ಹೊಸದೇನೂ ಕಾಣದು. ನಮ್ಮ ಕ್ಷೇತ್ರಕಾರ್ಯದ ವಿಧಾನ ಇಷ್ಟೇ: ರಾತ್ರಿ ಒಂಬತ್ತೂವರೆಗೆ ನಿಲ್ದಾಣದಿಂದ ಮನೆಯ ತನಕ ನಡೆಯುವುದು, ತೆರೆದ ಬಾಗಿಲುಗಳನ್ನು ಎಣಿಸುವುದು. ಅಯ್ಯಂಗಾರ್ ಬೇಕರಿ, ಕಾಂಡಿಮೆಂಟ್ಸ್, ಮೆಡಿಕಲ್ ಸ್ಟೋರು, ಇನ್ನೂ ಇಸ್ತ್ರಿ ಗಾಡಿ ಎತ್ತದ ಅಣ್ಣ. ಈ ಅಣ್ಣನಿಗೆ ಯಾವ ಅಂಗಿ ಯಾವ ಮನೆಯದೆಂದು ಗೊತ್ತು. ಅಪರಿಚಿತ ಅಂಗಿ ಎರಡು ಸಲ ಸುಳಿದರೆ ಮೂರನೆಯ ಸಲ ಕೇಳಿಯೇಬಿಡುತ್ತಾನೆ. ಇದಕ್ಕೆ ಪ್ರತಿಯಾಗಿ ಟೆಕ್ ಪಾರ್ಕಿನ ಉದ್ದನೆಯ ಕಾಂಪೌಂಡು ಗೋಡೆ. ಅಗಲವಾದ ರಸ್ತೆ, ಅಂದವಾದ ಗಿಡ, ಕೂಗಿದರೆ ಓಗೊಡಲು ನಾಯಿ ಮಾತ್ರ.

ಆದರೆ ನೋಡುವ ಕಣ್ಣಿಗೆ ಬಾಯಿಯೂ ಇರುತ್ತದೆ. ಇಲ್ಲೇ ಹುಟ್ಟಿದ್ದು ನಮ್ಮ ಪ್ರಶ್ನಾವಿಲೋಮ ನಿಯಮ: ಮಾಲೀಕರು ಕೇಳುವ ಪ್ರಶ್ನೆಗಳು ಹೆಚ್ಚಿದಷ್ಟೂ ಬಾಡಿಗೆ ಇಳಿಯುತ್ತದೆ, ಸುರಕ್ಷತೆ ಏರುತ್ತದೆ. ಮಾಲೀಕ ಕ್ಯಾಲಿಫೋರ್ನಿಯಾದಲ್ಲಿರುವ ಫ್ಲ್ಯಾಟಿನಲ್ಲಿ ಪ್ರಶ್ನೆ ಸೊನ್ನೆ, ಬಾಡಿಗೆ ಆಕಾಶ. ಕೆಳಗೆ ಓನರ್ ಆಂಟಿ, ಮೇಲೆ ನಾವು ಎಂಬ ಮಹಡಿಮನೆಯಲ್ಲಿ ಬಾಡಿಗೆ ನೆಲಕ್ಕಿಳಿದಿರುತ್ತದೆ, ಪ್ರಶ್ನೆಗಳು ಮೆಟ್ಟಿಲು ಹತ್ತಿ ಬರುತ್ತವೆ. ಯಾವೂರಮ್ಮ? ಅಡುಗೆ ನೀವೇ ಮಾಡ್ಕೋತೀರಾ? ನೈಟ್ ಶಿಫ್ಟೇನಾದ್ರೂ ಉಂಟಾ? ನಿನ್ನೆ ಬಂದಿದ್ದ ಹುಡುಗ ತಮ್ಮನಾ? ತಮ್ಮ ಅಂದ್ರೆ ಸ್ವಂತ ತಮ್ಮನಾ? ಗೆಳತಿಯರು ಊರು ಬಿಟ್ಟು ಬಂದದ್ದೇ ಇಂಥ ಪ್ರಶ್ನೆಗಳಿಂದ ದೂರವಿರಲು. ಕೋರಮಂಗಲದಲ್ಲಿ ಹೆಚ್ಚಿಗೆ ತೆರಬೇಕಾದ ಹಣ ಬಾಡಿಗೆಯೇ ಅಲ್ಲ. ಯಾರೂ ಏನೂ ಕೇಳದಿರುವುದಕ್ಕೆ ಕಟ್ಟುವ ಸುಂಕ ಎಂಬುದು ನಮ್ಮ ಅಭಿಮತ.

ನಿಯಮಕ್ಕೊಂದು ಅಪವಾದವಿದೆ, ಅದರಲ್ಲಿ ನಗೆಯಿಲ್ಲ. 'ನೀವು ಯಾರ ಪೈಕಿ?' ಎಂಬ ಪ್ರಶ್ನೆ ಬಾಡಿಗೆಯನ್ನು ಇಳಿಸುವುದೂ ಇಲ್ಲ, ಬೀದಿಯನ್ನು ಕಾಯುವುದೂ ಇಲ್ಲ. ಅದು ಕೆಲವೊಮ್ಮೆ 'ನಾನ್‌ವೆಜ್ ತಿಂತೀರಾ?' ಎಂಬ ವೇಷದಲ್ಲಿ ಬರುತ್ತದೆ, ಕೆಲವೊಮ್ಮೆ ಅಪ್ಪನ ಪೂರ್ತಿ ಹೆಸರು ಕೇಳುತ್ತದೆ. ಪೀಣ್ಯದಾಕೆ ನಿಜ ಹೇಳಿದ ಮೇಲೆ ಎರಡು ಮನೆಗಳು ಹಠಾತ್ತನೆ 'ನಿನ್ನೆಯೇ ಆಗೋಯ್ತು' ಎಂದವು. ಬೋರ್ಡು ಮಾತ್ರ ಮರುದಿನವೂ ಅಲ್ಲೇ ತೂಗುತ್ತಿತ್ತು. ಉಳಿದಿಬ್ಬರೂ ಆ ಮನೆಗಳನ್ನು ಪಟ್ಟಿಯಿಂದ ಹೊಡೆದುಹಾಕಿದರು. ಪ್ರಬಂಧದ ಪಟ್ಟಿಯಿಂದಲೂ ಅವು ಹೋಗಿವೆ.

ಕೊನೆಗೆ ಸಿಕ್ಕಿದ್ದು ಮಾವಳ್ಳಿಯ ಗಲ್ಲಿಯೊಂದರಲ್ಲಿ ಮೊದಲ ಮಹಡಿ. ಉಳಿದದ್ದು ಗೇಟಿನ ಅಧಿಕರಣ: ಆಂಟಿಯ ಗೇಟಿಗೆ ಹತ್ತಕ್ಕೆ ಬೀಗ, ಕೊನೆಯ ಮೆಟ್ರೋ ಹನ್ನೊಂದರ ಸುಮಾರಿಗೆ. ಈ ವಿರೋಧದ ಪರಿಹಾರದಲ್ಲೇ ನಮ್ಮ ನಿಯಮಕ್ಕೆ ಪ್ರಯೋಗಸಿದ್ಧ ಪುರಾವೆ ದೊರೆಯಿತು.

'ಆಂಟಿ, ಗೇಟಿಂದು ಒಂದು ಕೀ ನಮಗೂ ಕೊಡ್ತೀರಾ?'

'ಕೊಡೋಣಮ್ಮ, ಅದಕ್ಕೇನು. ಎಷ್ಟೊತ್ತಿಗೆ ಬಂದ್ರಿ ಅಂತ ನಾನೂ ಕೇಳಲ್ಲ. ಐನೂರು ಸೇರಿಸಿ ಕೊಡಿ.'